ಮಳವಳ್ಳಿಯ ಮೆರವಣಿಗೆ ಮತ್ತು ಒಂದು ಗಾಜಿನ ಫಲಕ

ಕಾಣುವ ಕಣ್ಣನ್ನೂ ಕಾಣಿಸುವ ಬೆಳಕನ್ನೂ ಕರುಣಿಸಿದ ಪರಶಿವನಿಗೆ ಮೊದಲ ನಮಸ್ಕಾರ. ಅಕ್ಷರವನ್ನು ದೇವರಂತೆ ನೋಡಲು ಕಲಿಸಿದ ಗುರುಗಳಿಗೆ ನಮಸ್ಕಾರ. ಬೆಳಕವಾಡಿಯಲ್ಲಿ ನಾಲ್ಕು ದಿನ ನನ್ನ ಲಿಂಗಪೂಜೆಗೆ ಮುಂಜಾವದಲ್ಲೇ ನೀರು ಸೇದಿಟ್ಟ ತಾಯಿಗೆ, ಅರವತ್ತೈದು ದಾಟಿದ ನನ್ನ ಹೆಗಲಿನಿಂದ ಕೇಳದೆಯೇ ಪೆಟ್ಟಿಗೆಯನ್ನು ಇಳಿಸಿಕೊಂಡ ಕೈಗಳಿಗೆ, ಹೆಸರು ಕೇಳುವ ಮೊದಲು ಊಟ ಕೇಳಿದ ಬಾಯಿಗಳಿಗೆ ನಮಸ್ಕಾರ. ಇವರೆಲ್ಲರ ಋಣವನ್ನು ಸ್ಮರಿಸಿದ ಮೇಲೆಯೇ ನಡೆದದ್ದನ್ನು ಹೇಳುವುದು ಯೋಗ್ಯ.

ಹರಿಹರದ ಸೇತುವೆ

ಧಾರವಾಡದಿಂದ ಹೊರಟ ರೈಲು ಹರಿಹರದ ಬಳಿ ತುಂಗಭದ್ರೆಯ ಸೇತುವೆಯನ್ನು ದಾಟಿದಾಗ ನಾನು ಪರರಾಜ್ಯದಲ್ಲಿದ್ದೆ. ಇದನ್ನು ಓದಿ ನೀವು ನಗಬಹುದು. ಎರಡೂ ದಡಗಳಲ್ಲಿ ನುಡಿಯುವುದು ಕನ್ನಡವನ್ನೇ. ಆದರೆ ನಮ್ಮ ದಡದಲ್ಲಿ ಸ್ವಾತಂತ್ರ್ಯ ಬಂದು ತಿಂಗಳು ಕಳೆದಿತ್ತು, ತೋರಣದ ಎಲೆಗಳು ಒಣಗಿಯೂ ಹೋಗಿದ್ದವು. ಆ ದಡದಲ್ಲಿ ಇನ್ನೂ ಅರಮನೆಯ ಆಡಳಿತವೇ ನಡೆದಿತ್ತು. ಪ್ರಜೆಗಳು ಆರಿಸಿದವರ ಕೈಗೆ ಅಧಿಕಾರ ಬರಬೇಕು, ಜವಾಬ್ದಾರಿ ಸರ್ಕಾರ ಬೇಕು ಎಂದು ಜನ ಊರೂರಿನಲ್ಲಿ ಮೆರವಣಿಗೆ ಹೊರಟಿದ್ದರು. ಸರ್ಕಾರ ಅದನ್ನು ನಿಷೇಧಿಸಿ ತಮಟೆ ಹೊಡೆಸಿ ಸಾರುತ್ತಿತ್ತು. ಹಬ್ಬ ಮುಗಿಸಿದ ಮನೆಯಿಂದ ಇನ್ನೂ ಒಲೆ ಹೊತ್ತದ ಮನೆಗೆ ಹೋದಂತೆ ನನಗಾಯಿತು.

ನಾನು ಹೊರಟದ್ದು ಬೆಳಕವಾಡಿಯ ಒಂದು ಮನೆಯಲ್ಲಿದ್ದ ತಾಳೆಗರಿಗಳ ಛಾಯಾಚಿತ್ರ ತೆಗೆಯಲು. ಕೈಯಿಂದ ಪ್ರತಿ ಮಾಡುವಷ್ಟು ಆಯುಷ್ಯ ಉಳಿದಿಲ್ಲವೆಂದು ತಿಳಿದ ಮೇಲೆ ಈ ವಿದ್ಯೆಯನ್ನು ಮುಪ್ಪಿನಲ್ಲಿ ಕಲಿತವನು ನಾನು. ನನ್ನದು ಮುಕ್ಕಾಲಿಯ ಮೇಲೆ ನಿಲ್ಲಿಸುವ ಹಳೆಯ ಕ್ಯಾಮೆರಾ. ಗಾಜಿನ ಫಲಕದ ಮೇಲೆ ಬಿಂಬ ಬೀಳಬೇಕು, ಕಪ್ಪು ಬಟ್ಟೆಯೊಳಗೆ ತಲೆಯಿಟ್ಟು ನೋಡಬೇಕು, ಮಸೂರದ ಮುಚ್ಚಳವನ್ನು ಕೈಯಿಂದಲೇ ತೆಗೆದು ಹಾಕಬೇಕು. ಎಷ್ಟು ಹೊತ್ತು ತೆರೆದಿಡಬೇಕೆಂಬುದಕ್ಕೆ ನಾನು ಗಡಿಯಾರ ನೋಡುವುದಿಲ್ಲ, ಪಂಚಾಕ್ಷರಿಯನ್ನು ಜಪಿಸುತ್ತೇನೆ. ತಾಳೆಗರಿಗೆ ಎಂಟು ಜಪ, ಬಯಲ ಬೆಳಕಿಗೆ ಎರಡು, ಮೋಡವಿದ್ದರೆ ಮೂರು. ವಾರಪತ್ರಿಕೆ ನಡೆಸುವ ನಮ್ಮೂರಿನ ಗೆಳೆಯರೊಬ್ಬರು ಹೊರಡುವಾಗ ಆರು ಫಲಕಗಳನ್ನು ಹೆಚ್ಚಿಗೆ ಕೊಟ್ಟು, "ಆ ಸೀಮೆಯ ಮೆರವಣಿಗೆಗಳನ್ನೂ ಹಿಡಿದು ತರ್ರಿ, ನಮ್ಮ ಮಂದಿ ನೋಡಲಿ" ಎಂದಿದ್ದರು. ಈ ಕಥನದ ಸಂಕಟವೆಲ್ಲ ಆ ಆರರಲ್ಲಿ ಒಂದು ಫಲಕದ್ದು.

ಮಂಡ್ಯ

ನಮ್ಮ ರೈತ ಮುಗಿಲು ನೋಡಿ ಬಿತ್ತುತ್ತಾನೆ. ಇಲ್ಲಿಯವನು ನಾಲೆ ನೋಡಿ ಬಿತ್ತುತ್ತಾನೆ. ನೀರು ನಂಬಿಗೆಯದಾದ ಕಡೆ ಮಾತು ಮೆತ್ತಗಿರುತ್ತದೆಂದು ಎಣಿಸಿದ್ದೆ. ರೈಲಿನಿಂದ ಇಳಿದೊಡನೆ ಇಬ್ಬರು, "ಏನ್ಲಾ, ಸತ್ತೋಗಿದ್ಯೇನ್ಲಾ ಇಷ್ಟ್ ದಿನ!" "ನೀನ್ ಸಾಯ್ಲಿ ಅಂತ ಕಾಯ್ತಿದ್ದೆ ಕಣ್ಲಾ!" ಎಂದು ಕೂಗಾಡಿದರು. ಜಗಳ ಬಿಡಿಸಲು ಹೋದೆ. ಅವರು ಬಹುದಿನದ ಮೇಲೆ ಭೇಟಿಯಾದ ಪ್ರಾಣಸ್ನೇಹಿತರಾಗಿದ್ದರು.

ಅಂಗಡಿಗಳ ಬಾಗಿಲುಗಳು ಅರ್ಧ ಮಾತ್ರ ತೆರೆದಿದ್ದವು. ಎರಡು ದಿನಗಳ ಹಿಂದೆ ಪೇಟೆಯಲ್ಲಿ ಲಾಠಿ ಬೀಸಿದ್ದರಂತೆ. ಮಾತಾಡುತ್ತಿದ್ದವರು ನನ್ನ ಪೆಟ್ಟಿಗೆ ಕಂಡು ಸುಮ್ಮನಾಗುತ್ತಿದ್ದರು. ಮರುದಿನ ಬೀದಿಯ ತುದಿಯಲ್ಲಿ ಮುಕ್ಕಾಲಿ ಊರಿ ಕಾದೆ. ಪಕ್ಕದ ಗುತ್ತಲು ಎಂಬ ಊರಿನ ಮುದುಕನೊಬ್ಬ ಹತ್ತಿರ ಬಂದು, "ಆ ಬಟ್ಟೆ ಒಳ್ಗೆ ಏನ್ ಕಾಣ್ತದೆ ಬುದ್ಧಿ?" ಎಂದು ಕೇಳಿದ. ಇಲ್ಲಿಯವರು ನನ್ನಂಥವರನ್ನು ಕರೆಯುವುದು ಹಾಗೆ. ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ ಎಂದೆ. "ಅಂಗಾರೆ ಸರ್ಯಾಗೇ ತೋರುಸ್ತದೆ ಬುಡಿ. ಈಗ ಎಲ್ಲಾ ಅಂಗೇ ಅದೆ" ಎಂದು ಹೋದ.

ಮೆರವಣಿಗೆ ಬಂತು, ಪೊಲೀಸರ ಭಯದಿಂದ ಓಡುತ್ತಲೇ ಬಂತು. ನಾನು ಬಟ್ಟೆಯೊಳಗೆ ತಲೆಯಿಟ್ಟು ತೆಗೆಯುವಷ್ಟರಲ್ಲಿ ಹೋಗಿಯೂ ಬಿಟ್ಟಿತ್ತು. ನನ್ನ ಫಲಕಕ್ಕೆ ಸಿಕ್ಕಿದ್ದು ನಿಂತಿದ್ದ ಒಂದು ಕಬ್ಬಿನ ಗಾಡಿ ಮಾತ್ರ. ಮುಂದಿನ ಊರಿನಲ್ಲಿ ಜನರನ್ನು ಒಂದು ಕ್ಷಣ ನಿಲ್ಲಲು ಬೇಡಿಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದೆ. ನನ್ನ ತಪ್ಪಿನ ಬೀಜ ಅಲ್ಲಿ ಬಿತ್ತು.

ಮಳವಳ್ಳಿ

ಬೆಳಕವಾಡಿಯ ಕೆಲಸ ಮುಗಿಸಿ ಎತ್ತಿನ ಗಾಡಿಯಲ್ಲಿ ಮಳವಳ್ಳಿಗೆ ಬಂದಾಗ ಹೊತ್ತು ಮೂರು ಮಾರು ಏರಿತ್ತು. ತಾಲ್ಲೂಕು ಕಛೇರಿಯ ಮುಂದೆ ಆರೇಳು ಪೊಲೀಸರು ಸಾಲಾಗಿ ನಿಂತಿದ್ದರು. ಮೆರವಣಿಗೆ ಇನ್ನೇನು ಬರುತ್ತದೆಂದರು. ಆಕಾಶಕ್ಕೆ ತೆಳುಮೋಡ, ಕಛೇರಿಯ ಎದುರಿನ ಬಯಲೊಂದರಲ್ಲೇ ತಕ್ಕ ಬೆಳಕಿತ್ತು. ಅಲ್ಲಿಯೇ ಮುಕ್ಕಾಲಿ ಊರಿದೆ.

ಆ ಊರಿನ ಒಳಒಪ್ಪಂದ ನನಗೆ ಗೊತ್ತಿರಲಿಲ್ಲ. ಕಛೇರಿಯ ಮುಂದೆ ನಿಲ್ಲದೆ ನಡೆದುಹೋದರೆ ಇನ್ಸ್‌ಪೆಕ್ಟರು ಕಂಡೂ ಕಾಣದಂತಿರುವರು, ನಿಂತರೆ ಗುಂಪು ಸೇರಿದ ಅಪರಾಧ, ಹಿಡಿಯುವರು. ಎರಡೂ ಕಡೆಯವರು ಬಾಯಿಬಿಟ್ಟು ಆಡದೆ ಹಲವು ದಿನಗಳಿಂದ ಕಾಯ್ದುಕೊಂಡು ಬಂದ ಎಲ್ಲೆ ಅದು. ನಾನು ಮೆರವಣಿಗೆಯ ಎದುರು ಕೈಮುಗಿದು ನಿಂತು, "ನಿಮ್ಮನ್ನು ನಮ್ಮ ಧಾರವಾಡದ ಜನ ನೋಡಬೇಕು. ಮೂರು ಉಸಿರಿನಷ್ಟು ಹೊತ್ತು ನಿಲ್ಲಿರಿ" ಎಂದೆ.

ಮುಂದೆ ಬಾವುಟ ಹಿಡಿದಿದ್ದವನು ಸಿದ್ದೇಗೌಡ, ನಲವತ್ತರ ಗಟ್ಟಿ ಆಳು, ಹತ್ತಿರದ ಹಳ್ಳಿಯ ಒಕ್ಕಲು. "ಪಟವಾ ಬುದ್ಧಿ?" ಎಂದು ಕಣ್ಣರಳಿಸಿ ಹಿಂದಕ್ಕೆ ತಿರುಗಿದ. "ಲೇ, ನಿಂತ್ಕಳ್ರುಲಾ! ಧಾರ್ವಾಡದ ಬುದ್ಧಿ ಪಟ ತಗೀತರಂತೆ!"

ಪಟವೆಂದರೆ ಅವರು ಕಂಡದ್ದು ಮದುವೆಮನೆಯ ಪಟ ಒಂದೇ. ಘೋಷಣೆ ನಿಂತುಹೋಯಿತು. ಹಿರಿಯರು ಮುಂದೆ ಬಂದು ನೆಲದ ಮೇಲೆ ಕುಳಿತರು, ಎತ್ತರದವರು ಹಿಂದಕ್ಕೆ ಸರಿದರು, ಯಾರೋ ಒಬ್ಬ ಕಣ್ಣು ಕಾಣದ ಅಜ್ಜನಿಗೆ ಮಂಕರಿ ಬೋರಲು ಹಾಕಿ ಕೂರಿಸಿದ. ಹೆಗಲ ಮೇಲಿನ ವಲ್ಲಿಗಳು ಮಡಿಕೆಯಾದವು. ಪೊಲೀಸರಲ್ಲಿಯೂ ಇಬ್ಬರು, ಪಟ ತೆಗೆಯುವಲ್ಲಿ ದೂರ ನಿಲ್ಲುವುದು ಮರ್ಯಾದೆಯಲ್ಲವೆಂಬಂತೆ, ಗುಂಡಿ ಹಾಕಿಕೊಳ್ಳುತ್ತ ಸಾಲಿನ ಕೊನೆಗೆ ಬಂದು ನಿಂತರು. ಅವರಲ್ಲಿ ಒಬ್ಬ ದುದ್ದ ಎಂಬ ಊರಿನ ಬೋರೇಗೌಡ. ಅವನ ಅಕ್ಕನನ್ನೇ ಸಿದ್ದೇಗೌಡನಿಗೆ ಕೊಟ್ಟದ್ದೆಂದು ಆಮೇಲೆ ತಿಳಿಯಿತು.

ಆಗ ಸಿದ್ದೇಗೌಡನ ರುಮಾಲು ಬಿಚ್ಚಿಕೊಂಡಿತು.

"ಲೇ ಬೋರ, ಇಡ್ಕೊ ಇದ. ರುಮಾಲು ಸುತ್ಕತೀನಿ."

"ಬ್ಯಾಡ ಕಣ್ ಭಾವ. ಸಾಹೇಬ್ರು ಒಳ್ಗವ್ರೆ."

"ಒಂದ್ಗಳಿಗೆ ಕಣ್ಲಾ! ಬಾವುಟವ ನೆಲುಕ್ಕೆ ಆಕಕ್ಕಾದದಾ? ನಿಮ್ಮಕ್ಕುನ್ ಕೂಸ ಕೊಟ್ರೂ ಇಂಗೇ ಇಂದಿಂದುಕ್ಕೆ ಓಯ್ತೀಯಾ?"

ಸುತ್ತಲಿನವರು ನಕ್ಕರು. ಬೋರೇಗೌಡ ಬಾವುಟ ಹಿಡಿದ. ನಾನು, ಕಣ್ಣೆಲ್ಲ ಮೋಡದ ಮೇಲಿಟ್ಟವನು, "ಅಲುಗಬೇಡಿ" ಎಂದು ಮುಚ್ಚಳ ತೆಗೆದೆ. ಮೊದಲ ಜಪ ಮುಗಿದಿತ್ತು, ಎರಡನೆಯದರ ನಡುವೆ ಹಿಂದಿನಿಂದ ಯಾರೋ "ಜವಾಬ್ದಾರಿ ಸರ್ಕಾರ!" ಎಂದು ಕೂಗಿದರು. "ಬೇಕೇ ಬೇಕು!" ಎಂದು ನೂರು ಕೈಗಳು ಮೇಲೆದ್ದವು. ಮೂರನೆಯ ಜಪ ಮುಗಿಸಿ ಮುಚ್ಚಿದೆ.

ಕೂಗು ಕೇಳಿ ಇನ್ಸ್‌ಪೆಕ್ಟರು ಹೊರಗೆ ಬಂದರು. ಅಷ್ಟರಲ್ಲಿ ಬಾವುಟ ಮರಳಿ ಸಿದ್ದೇಗೌಡನ ಕೈ ಸೇರಿತ್ತು. ಲಾಠಿಗಳು ಎದ್ದವು. ಇನ್ಸ್‌ಪೆಕ್ಟರು ಕೈ ಅಡ್ಡ ಹಿಡಿದರು. ಜನ ತಲೆತಗ್ಗಿಸದೆ, ಆದರೆ ವೇಗವಾಗಿ, ಮುಂದೆ ನಡೆದುಹೋದರು. ಆಮೇಲೆ ಅವರು ನನ್ನತ್ತ ತಿರುಗಿ, "ಶಾಸ್ತ್ರಿಗಳೇ, ಇವರು ಇಲ್ಲಿ ನಿಂತದ್ದು ಯಾರ ಮಾತಿಗೆ?" ಎಂದರು.

"ನನ್ನ ಮಾತಿಗೆ."

"ನೀವು ಪರಸ್ಥಳದವರು, ವೃದ್ಧರು. ನಿಮ್ಮನ್ನು ಹಿಡಿಯುವುದಿಲ್ಲ. ನಿಮ್ಮ ಪಟವನ್ನು ಹಿಡಿಯುತ್ತೇನೆ. ಅದರಲ್ಲಿ ಯಾರ ಯಾರ ಮುಖವಿದೆಯೋ ಅವರೆಲ್ಲರ ಮೇಲೂ ಕೇಸು."

ಫಲಕವನ್ನು ತೊಳೆದು ಬಿಂಬ ಬರಿಸುವ ಕತ್ತಲೆಕೋಣೆ ಮಂಡ್ಯದ ಸ್ಟುಡಿಯೋದಲ್ಲಿ ಮಾತ್ರ ಇತ್ತು. ಇನ್ಸ್‌ಪೆಕ್ಟರ ಮೋಟಾರಿನಲ್ಲಿ ಜಾಗ ಉಳಿದಿರಲಿಲ್ಲ, ಅವರು ಅದರಲ್ಲಿ ಮುಂದೆ ಹೋಗುವುದೆಂದೂ ನಾನು ಫಲಕದೊಡನೆ ಬಸ್ಸಿನಲ್ಲಿ ಬರುವುದೆಂದೂ ಆಯಿತು. ಫಲಕದ ಡಬ್ಬಿಯ ಕಾವಲಿಗೆ ಒಬ್ಬನನ್ನು ಕರೆದರು. ಸಾಲಿನ ಕೊನೆಯಲ್ಲಿ, ಎಲ್ಲರಿಗಿಂತ ಹತ್ತಿರದಲ್ಲಿ, ನಿಂತಿದ್ದವನು ಬೋರೇಗೌಡ.

ಮದ್ದೂರು

ನಮ್ಮಲ್ಲಿಯಂತೆಯೇ ಅಲ್ಲಿಯೂ ಪೆಟ್ರೋಲಿನ ಬರ. ಬಸ್ಸು ಇದ್ದಿಲ ಹೊಗೆಯಿಂದ ಓಡುತ್ತಿತ್ತು. ಹಿಂಬದಿಗೆ ಕಟ್ಟಿದ ದೊಡ್ಡ ಕೊಳವೆಯಲ್ಲಿ ಕೆಂಡ ಉರಿಯಬೇಕು. ಏರು ಬಂದರೆ ಪ್ರಯಾಣಿಕರು ಇಳಿದು ದೂಡಬೇಕು. ಬೋರೇಗೌಡ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಗಳಿಂದ ಅಪ್ಪಿ ಕುಳಿತಿದ್ದ. ಮೊದಲ ಏರು ದಾಟಿದ ಮೇಲೆ ಕೇಳಿದ:

"ನನ್ ಮಕವೂ ಬಿದ್ದದಾ ಬುದ್ಧಿ, ಇದ್ರೊಳ್ಗೆ?"

"ತೊಳೆಯುವವರೆಗೆ ನನಗೂ ತಿಳಿಯದಪ್ಪ. ಬಿದ್ದಿರಬಹುದು."

"ಬಾವುಟವೂ?"

"ಅದೂ."

ಅವನು ಕಿಟಕಿಯ ಆಚೆ ನೋಡಿದ. "ಪಾಲಾದಾಗ ವಲ ಗದ್ದೆ ಅಣ್ಣಂಗೆ ಓಯ್ತು. ಈ ಪೊಲೀಸ್ ಬಿಲ್ಲೆ ನನ್ ಪಾಲ್ಗೆ. ಇದೂ ಓದ್ರೆ ಅಣ್ಣನ್ ಮನೇಲಿ ನಾನೂ ನನ್ನೆಡ್ತೀನೂವೆ ಆಳಾಗಿ ಉಣ್ಬೇಕು. ಅದ್ಕೂ ಮೊದ್ಲು ಜೈಲು." ಇಷ್ಟು ಹೇಳಿ, ದೂರದಿಂದ ಬಂದ ಅತಿಥಿಗೆ ದುಃಖ ತೋರಿಸಬಾರದೆಂಬಂತೆ, "ನಿಮ್ಮೂರ್ ಕಡೆ ಮಳೆ ಎಂಗೆ?" ಎಂದು ಕೇಳಿದ. ಮಳೆಯ ವಿಷಯ ಹೇಳಿದೆ. ಅವರನ್ನು ನಿಲ್ಲಿಸಿದವನು ನಾನಲ್ಲವೆ?

ಮದ್ದೂರಿನಲ್ಲಿ ಕೊಳವೆ ಕಟ್ಟಿಕೊಂಡು ಬಸ್ಸು ನಿಂತಿತು. ಅದನ್ನು ಬಿಚ್ಚಿ ಬೂದಿ ಕೆದಕಿದವರು ಮೆಕ್ಯಾನಿಕ್ ಖಾದರ್ ಸಾಹೇಬರು. ಗಡ್ಡ ಬಿಳುಪು, ಮುಂಗೈ ಇದ್ದಿಲು. ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ಬಂದಿತ್ತು. ಉಳಿದವರು ಚಹಾಕ್ಕೆ ಹೋದಾಗ ಅವರು ಕೈ ಒರೆಸಿಕೊಂಡು ನಮ್ಮ ಬಳಿ ಕುಳಿತರು.

"ಸ್ವಾಮ್ಯೋರೆ, ಪಟದ್ ಕೆಲ್ಸ ನಮ್ಗೂ ಒಸಿ ಗೊತ್ತು. ಆ ಡಬ್ಬಿ ಮುಚ್ಳ ಎಲ್ಡು ಬೆಳ್ಳು ಸರ್ಸಿ ನೋಡಿ. ಬಿಸ್ಲು ಎಲ್ಲಾ ಕುಡ್ಕೊಂಡ್ಬುಡ್ತದೆ. ಯಾರ್ದೂ ತಪ್ಪಿಲ್ಲ, ಬಸ್ ಕುಲ್ಕಾಡ್ತು ಅಂದ್ರಾಯ್ತು. ನಮ್ ಬಸ್ ಮೇಲೇ ಆಕ್ಬುಡಿ, ಅದು ಎಷ್ಟೋ ಬೈಗುಳ ತಿಂದದೆ."

ಅವರು ಹೇಳಿದ್ದು ಸರಿಯಾಗಿತ್ತು. ಒಂದು ಬೆರಳಿನ ಕೆಲಸ. ನನ್ನ ಕೈ ಡಬ್ಬಿಯತ್ತ ಹೋದದ್ದನ್ನು ನಾನು ಮುಚ್ಚಿಡುವುದಿಲ್ಲ. ಪ್ರತಿ ಮಾಡುವವನು ಕಂಡದ್ದಕ್ಕೆ ಏನನ್ನೂ ಕೂಡಿಸಬಾರದು, ಕಂಡದ್ದರಿಂದ ಏನನ್ನೂ ಕಳೆಯಬಾರದು ಎಂದು ನನ್ನ ಗುರುಗಳು ನೇಮ ಹಾಕಿದ್ದರು. ಐವತ್ತು ವರ್ಷ ಅದನ್ನು ಮುರಿದವನಲ್ಲ. ಒಂದು ಕಡೆ ಆ ನೇಮ, ಇನ್ನೊಂದು ಕಡೆ ಈ ಹುಡುಗನ ಅನ್ನ. ನನ್ನ ಕೈ ಅಲ್ಲಿಯೇ ನಿಂತಿತು.

ಬೋರೇಗೌಡ ಡಬ್ಬಿಯನ್ನು ಎದೆಗೆ ಎಳೆದುಕೊಂಡ. "ಬ್ಯಾಡಿ ಬುದ್ಧಿ. ಸಾಬ್ರೆ, ನೀವೂ ಮುಟ್ಬ್ಯಾಡಿ. ಇದ ನನ್ ಕೈಗೆ ಕೊಟ್ಟವ್ರೆ. ನನ್ ಕೈಲಿದ್ದಾಗ ಕೆಡಬಾರ್ದು."

"ಎಂಥಾ ಮಡ್ಡ ಕಣಯ್ಯ ನೀನು! ನಿನ್ ಕೊರಳಿಗೆ ಹಗ್ಗ ನೀನೇ ಹೊತ್ಕೊಂಡ್ ಓಯ್ತಿದ್ದೀಯಲ್ಲಾ!"

"ವತ್ಕೊಂಡ್ ಓಗು ಅಂದವ್ರೆ, ಓಯ್ತಾವ್ನಿ."

ಖಾದರ್ ಸಾಹೇಬರು ಎದ್ದು ಹೋಗಿ ಮೂರು ಬಾಳೆಹಣ್ಣು ತಂದರು. ಎರಡನ್ನು ನನಗೆ ಕೊಟ್ಟು, ಒಂದನ್ನು ಸುಲಿದು ಅವನ ಬಾಯಿಯ ಹತ್ತಿರ ಹಿಡಿದರು. ಅವನ ಎರಡು ಕೈಗಳೂ ಡಬ್ಬಿಯ ಮೇಲಿದ್ದವು.

ಮತ್ತೆ ಮಂಡ್ಯ

ಸ್ಟುಡಿಯೋದಲ್ಲಿ ಇನ್ಸ್‌ಪೆಕ್ಟರು ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದರು. ಮೇಜಿನ ಮೇಲೆ ಕಾಗದ, ಮಸಿ, ಹೆಸರು ಬರೆಯಲು ಸಿದ್ಧವಾದ ಲೇಖನಿ. ಬೋರೇಗೌಡನನ್ನು ಬಾಗಿಲಲ್ಲಿ ನಿಲ್ಲಿಸಿ ನಾನು ಕತ್ತಲೆಕೋಣೆಗೆ ಹೋದೆ.

ಕೆಂಪು ದೀಪದ ಕೆಳಗೆ ಫಲಕವನ್ನು ದ್ರಾವಣದಲ್ಲಿ ತೂಗುತ್ತ ಪಂಚಾಕ್ಷರಿ ಜಪಿಸಿದೆ. ಎಂದಿನಂತೆ ಎಣಿಕೆಗಾಗಿ ಅಲ್ಲ, ಭಯಕ್ಕಾಗಿ. ಮೊದಲು ಬಾವುಟ ಬಂತು. ಆಮೇಲೆ ಅದರ ಕೋಲು. ಕೋಲನ್ನು ಹಿಡಿದ ಕೈ, ಗುಂಡಿಗಳ ಸಾಲು, ಮುಖ. ಉಳಿದವರಿಗಾಗಿ ಕಾದೆ, ಉಳಿದವರು ಬರಲಿಲ್ಲ. ಘೋಷಣೆಗೆ ಕೈಯೆತ್ತಿ ಅಲುಗಿದವರೆಲ್ಲ ಹೊಗೆಯಾಗಿದ್ದರು. ಕುಳಿತ ಹಿರಿಯರೂ, ಸಾಲಿನ ಕೊನೆಯ ಇನ್ನೊಬ್ಬ ಪೊಲೀಸಿನವನೂ ಕೂಗಿನ ಕಡೆಗೆ ತಿರುಗಿ ಮುಖ ಕಳೆದುಕೊಂಡಿದ್ದರು. ಬೋರೇಗೌಡನೊಬ್ಬನೇ, ಕವಾಯತಿನಲ್ಲಿ ಕಲಿತಂತೆ, "ಅಲುಗಬೇಡಿ" ಎಂಬ ಮಾತನ್ನು ಆಜ್ಞೆಯೆಂದು ತಿಳಿದು, ಕಲ್ಲಿನಂತೆ ನಿಂತಿದ್ದ. ನೂರು ಜನರ ಮೆರವಣಿಗೆಯಲ್ಲಿ ಕಣ್ಣುರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿ ಮೂಡಿದ್ದವನು ಸರ್ಕಾರದ ಪೊಲೀಸಿನವನು, ಕೈಯಲ್ಲಿ ಬಾವುಟ.

ಒದ್ದೆ ಫಲಕವನ್ನು ತಂದು ಇನ್ಸ್‌ಪೆಕ್ಟರ ಕೈಗೆ ಕೊಟ್ಟೆ. ಅವರು ಕಿಟಕಿಗೆ ಹಿಡಿದು ನೋಡಿದರು. ಗಾಜಿನಲ್ಲಿ ಕಪ್ಪು ಬಿಳುಪು ಅದಲುಬದಲಾಗಿರುತ್ತದೆ. ಆದರೂ ತನ್ನ ಕೈಕೆಳಗಿನವನ ನಿಲುವು ಯಾರಿಗೆ ತಿಳಿಯದು?

"ಬೋರೇಗೌಡ!"

ಅವನು ಒಳಗೆ ಬಂದು ಹಿಮ್ಮಡಿ ಜೋಡಿಸಿ ನಿಂತ. ಫಲಕದಲ್ಲಿದ್ದ ನಿಲುವೇ ಅದು. ಇನ್ಸ್‌ಪೆಕ್ಟರು ಅವನನ್ನು ನೋಡಿದರು, ಗಾಜನ್ನು ನೋಡಿದರು, ಮತ್ತೆ ಅವನನ್ನು ನೋಡಿದರು.

"ಹೊರಗೆ ಇರು."

ಬಾಗಿಲು ಮುಚ್ಚಿದ ಮೇಲೆ ಅವರು ತಗ್ಗಿದ ದನಿಯಲ್ಲಿ ಹೇಳಿದರು: "ಇದು ಮೇಲಕ್ಕೆ ಹೋದರೆ ಅವನ ಕೆಲಸ ಹೋಗುತ್ತದೆ. ಅವನಾದ ಮೇಲೆ ನನ್ನನ್ನೂ ಕೇಳುತ್ತಾರೆ, ಯಾರ ಅಧೀನದ ಪೊಲೀಸು ಎಂದು. ಫಲಕ ಕೆಟ್ಟುಹೋಯಿತೆಂದು ಬರೆದುಕೊಡಿ."

"ಕೆಟ್ಟಿಲ್ಲವಲ್ಲ. ಇಷ್ಟು ಚೆನ್ನಾದ ಮುಖ ನನ್ನ ಕೈಯಲ್ಲಿ ಎಂದೂ ಬಂದಿಲ್ಲ."

"ನಿಮ್ಮ ಸತ್ಯಕ್ಕೆ ಅವನ ಸಂಸಾರ ಬಲಿಯಾಗಲಿ ಎನ್ನುತ್ತೀರಾ?"

ಹೊರಗೆ ಬೋರೇಗೌಡನ ಕೆಮ್ಮು ಕೇಳಿಸಿತು. ಕಾಗದವನ್ನು ಎಳೆದುಕೊಂಡೆ. "ಮಳವಳ್ಳಿಯಲ್ಲಿ ನಾನು ತೆಗೆದ ಫಲಕದಲ್ಲಿ ಮೆರವಣಿಗೆಗೆ ಬಂದಿದ್ದ ಒಬ್ಬರ ಮುಖವೂ ಗುರುತು ಹಿಡಿಯುವಂತೆ ಮೂಡಿಲ್ಲ" ಎಂದು ಬರೆದು ಸಹಿ ಮಾಡಿದೆ.

ಅವರು ಎರಡು ಸಲ ಓದಿದರು. "ಮೆರವಣಿಗೆಗೆ ಬಾರದವನ ಮುಖ?"

"ತಮಗೆ ಬೇಕಾದದ್ದು ಮೆರವಣಿಗೆಯವರ ಮುಖ."

ಇನ್ಸ್‌ಪೆಕ್ಟರು ಮುಗುಳ್ನಗಲಿಲ್ಲ. ಹೆಬ್ಬೆರಳನ್ನು ಫಲಕದ ಒದ್ದೆ ಮೈಯ ಮೇಲಿಟ್ಟು ಒಮ್ಮೆ ಎಳೆದರು. ಕಾಯಿಸಿದ ಹಾಲಿನ ಕೆನೆ ಸರಿಯುವಂತೆ ಆ ನಿಲುವು ಸರಿದುಹೋಯಿತು. ಬಾವುಟ ಮಾತ್ರ ಉಳಿಯಿತು, ಹಿಡಿದವರಿಲ್ಲದೆ, ಹೊಗೆಯ ನಡುವೆ. ಗಾಜನ್ನು ಅವರು ಕಾಗದದಲ್ಲಿ ಸುತ್ತಿ ಇಟ್ಟುಕೊಂಡರು. ಆದ್ದರಿಂದಲೇ ಗೆಳೆಯರ ಪತ್ರಿಕೆಯಲ್ಲಿ ಈ ಬರಹದ ಜೊತೆಗೆ ಚಿತ್ರವಿಲ್ಲ.

ನಾನು ಸುಳ್ಳನ್ನು ಕೂಡಿಸಲಿಲ್ಲ. ಆದರೆ ಕಂಡದ್ದರಿಂದ ಒಬ್ಬನನ್ನು ಕಳೆದೆ. ಗುರುಗಳ ನೇಮದ ಅರ್ಧವನ್ನು ಮಂಡ್ಯದಲ್ಲಿ ಮುರಿದು ಬಂದಿದ್ದೇನೆ. ಆ ರಾತ್ರಿ ಪೂಜೆಯಲ್ಲಿ ಕ್ಷಮೆ ಕೇಳಿದೆ. ಪಶ್ಚಾತ್ತಾಪ ಮಾತ್ರ ಬರಲಿಲ್ಲ. ಅದಕ್ಕಾಗಿಯೂ ಕ್ಷಮೆ ಕೇಳಿದೆ.

ರೈಲು ನಿಲ್ದಾಣ

ಮರುದಿನ ನನ್ನನ್ನು ರೈಲಿಗೆ ಹತ್ತಿಸುವವರೆಗೂ ಕಾವಲಿರಬೇಕೆಂದು ಬೋರೇಗೌಡನಿಗೇ ಅಪ್ಪಣೆಯಾಗಿತ್ತು. ನನ್ನ ಪೆಟ್ಟಿಗೆ ಅವನ ಹೆಗಲ ಮೇಲಿತ್ತು. ಸಾಹೇಬರು ಅವನಿಗೆ ಹೆಚ್ಚೇನೂ ಹೇಳಿರಲಿಲ್ಲ, ಪಟ ಅಳಿಸಿಹೋಯಿತು ಎಂದಷ್ಟೇ ಹೇಳಿದ್ದರಂತೆ. ಗಾಡಿ ಬರುವ ಸೂಚನೆಯಾದ ಮೇಲೆ ಅವನು ಮೆಲ್ಲನೆ ಬಾಯಿಬಿಟ್ಟ.

"ಭಾವ ನನ್ ಕೈಗೆ ತುರುಕುದ್ದು ದಿಟ ಬುದ್ಧಿ. ಆದ್ರೆ ರುಮಾಲು ಸುತ್ಕೊಂಡ್ಮೇಲೆ ಅವ್ನು ಕೈ ಚಾಚ್ದ. ನಾನೇ ಕೊಡ್ಲಿಲ್ಲ. ಒಸಿ ವೊತ್ತು ಇರ್ಲಿ ಅನ್ನುಸ್ತು." ನಾಚಿಕೊಂಡು, "ನಾನು ಪಟ ತೆಗೆಸ್ಕೊಂಡಿದ್ದು ಅದೇ ಮೊದ್ಲು. ನೀವ್ ನೋಡಿದ್ರಲ್ಲಾ. ಎಂಗ್ ಬಂದಿದ್ದೆ ಬುದ್ಧಿ?" ಎಂದ.

ಗಾಡಿ ನಿಲ್ದಾಣವನ್ನು ಹೊಕ್ಕಿತು. ಅದರ ಸದ್ದಿಗಿಂತ ಮೇಲೆ ಹೇಳಬೇಕಾಗಿ ಬಂದದ್ದರಿಂದ ಬಹುಕಾಲದ ಮೇಲೆ ನಾನು ಕೂಗಿ ಮಾತಾಡಿದೆ: "ನೂರು ಜನರಲ್ಲಿ ನೀನೊಬ್ಬನೇ ಬಂದಿದ್ದೆ ಮಗನೇ. ನೆಟ್ಟಗೆ, ತಲೆಯೆತ್ತಿ, ಕಣ್ಣು ಮಿಟುಕಿಸದೆ. ಬಾವುಟ ನಿನ್ನ ಕಿವಿಯನ್ನು ಮುಟ್ಟುತ್ತಿತ್ತು."

ಅವನು ಪೆಟ್ಟಿಗೆಯನ್ನು ಒಳಗಿಟ್ಟು ಇಳಿದ. ಗಾಡಿ ಹೊರಟಾಗ ತನ್ನ ಕಿವಿಯನ್ನು ಮುಟ್ಟಿ ನೋಡಿಕೊಳ್ಳುತ್ತ ನಿಂತಿದ್ದ.

ಇದನ್ನು ಬರೆಯುವ ಹೊತ್ತಿಗೆ ಆ ದಡದ ಜನ ಕೇಳಿದ ಸರ್ಕಾರ ಅವರಿಗೆ ದೊರೆತಿದೆಯೆಂಬ ವಾರ್ತೆ ಬಂದಿದೆ. ಹಾಗಿದ್ದೂ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ನಡೆದವರಿಗೆ, ನನ್ನ ಮಾತಿಗೆ ನಿಂತವರಿಗೆ, ಮಂಕರಿಯ ಮೇಲೆ ಕುಳಿತ ಅಜ್ಜನಿಗೆ ಶಿವನು ಆಯುಷ್ಯ ಕೊಡಲಿ. ಸಿದ್ದೇಗೌಡನ ರುಮಾಲು ಗಟ್ಟಿಯಾಗಿ ನಿಲ್ಲಲಿ. ಇದ್ದಿಲಲ್ಲಿ ಬೆಂದ ಖಾದರ್ ಸಾಹೇಬರ ಕೈಗಳು ತಂಪಾಗಲಿ. ಲಾಠಿಗೆ ಅಡ್ಡ ಹಿಡಿದ ಆ ಕೈಗೂ, ಗಾಜನ್ನು ಒರೆಸಿದ ಆ ಹೆಬ್ಬೆರಳಿಗೂ ಒಳ್ಳೆಯದಾಗಲಿ. ದುದ್ದದ ಆ ಮನೆಯಲ್ಲಿ ಒಲೆ ಆರದಿರಲಿ. ಎಲ್ಲರಿಗೂ ಶುಭವಾಗಲಿ.